ಕರಿ ಉಡುಪಿನ ಹಿಂಬದಿ

ಪ್ಲಾಸ್ಟಿಕ್ಕು ಕಿರ್ ಅನ್ನುತ್ತಿದೆ, ಟ್ರೇಸಿ ಸೋಫಾದಲ್ಲಿ ಹಿಂದಕ್ಕೆ ಒರಗಿದರೂ ಕಿರ್, ಮುಂದಕ್ಕೆ ಬಾಗಿದರೂ ಕಿರ್, ಪಾಪ, ಇದು ಕೂರುವ ಸೋಫಾ ಅಲ್ಲ ಅಂತ ಅವಳಿಗೆ ಹೇಳುವವರು ಯಾರು, ಇದೇ ಮನೆಯಲ್ಲಿ ಬೆಳೆದ ನಾನೇ ಇದರ ಮೇಲೆ ಕೂತಿದ್ದು ಪಾದ್ರಿ ಬಂದಾಗ ಒಮ್ಮೆ, ತಾತ ಸತ್ತಾಗ ಒಮ್ಮೆ, ಉಳಿದಂತೆ ಈ ಕೋಣೆಗೆ ಬೀಗ ಇಲ್ಲದಿದ್ದರೂ ಬೀಗವೇ, ಪಕ್ಕದ ಅಡುಗೆಮನೆಯೂ ಅಷ್ಟೇ, ನಾನು ಹೈಸ್ಕೂಲಿಗೆ ಸೇರಿದಾಗ ಕೊಂಡ ಒಲೆ, ಇವತ್ತಿಗೂ ಅದರ ಮೇಲೆ ಒಂದು ಮೊಟ್ಟೆ ಬೆಂದಿಲ್ಲ, ಅಡುಗೆ, ಊಟ, ಜಗಳ, ನಗು ಎಲ್ಲ ಕೆಳಗೆ, ನೆಲಮಾಳಿಗೆಯ ಅಡುಗೆಮನೆಯಲ್ಲಿ, ನಮ್ಮೂರು ಫಾಲ್ ರಿವರ್‌ನಲ್ಲಿ ನಮ್ಮವರ ಮನೆಗಳೆಲ್ಲ ಹೀಗೇ, ಮೇಲಿನದು ಬಂದವರಿಗೆ, ಕೆಳಗಿನದು ನಮಗೆ, ಪೋರ್ಚುಗಲ್ಲಿನ ಅಸೋರಿಸ್ ದ್ವೀಪಗಳಿಂದ ಹಡಗಿನಲ್ಲೋ ವಿಮಾನದಲ್ಲೋ ಬಂದ ಈ ಮುದುಕಿಯರು ಅಮೆರಿಕಕ್ಕೆ ಕಾಲಿಟ್ಟ ಕೂಡಲೇ ತಮಗೆ ತಾವೇ ಮಾಡಿಕೊಂಡ ಕಾನೂನು ಅದು, ಬಂದವರು ನಮ್ಮ ಹೊಗೆ ನೋಡಬಾರದು, ಎಣ್ಣೆ ನೋಡಬಾರದು, ನೋವು ನೋಡಬಾರದು — ಮತ್ತು ಟ್ರೇಸಿ ಬಂದಿರುವುದೇ ನೋವು ನೋಡುವುದಕ್ಕೆ, ಅದೇ ಅವಳ ಕೆಲಸ, ವರ್ಷಕ್ಕೊಮ್ಮೆ ಬಂದು ಈ ಮುದುಕಿಗೆ ಏನೇನು ಆಗುವುದಿಲ್ಲ ಅಂತ ಬರೆದುಕೊಂಡು ಹೋಗುತ್ತಾಳೆ, ಅವಳು ಬರೆದದ್ದನ್ನು ನೋಡಿ ಮೆಡಿಕೇಡ್‌ನವರು, ಅಂದರೆ ನಮ್ಮಂಥ ಬಡವರ ಆಸ್ಪತ್ರೆ ಖರ್ಚು ಕೊಡುವ ಸರ್ಕಾರದವರು, ಅಜ್ಜಿಯನ್ನು ನೋಡಿಕೊಳ್ಳುವ ಜುಲ್ಮೀರಾ ವಾರಕ್ಕೆ ಎಷ್ಟು ಹೊತ್ತು ಬಂದು ವಾವೊಗೆ ಸ್ನಾನ ಮಾಡಿಸಬಹುದು, ಬಟ್ಟೆ ಹಾಕಬಹುದು, ತಿನ್ನಿಸಬಹುದು ಅಂತ ತೀರ್ಮಾನ ಮಾಡುತ್ತಾರೆ, ಒಳ್ಳೆಯವಳು ಟ್ರೇಸಿ, ಬಾಗಿಲಲ್ಲೇ ಶೂ ಬಿಚ್ಚಿದಳು, ಕಾಲುಚೀಲದ ತುದಿಯಲ್ಲಿ ತೂತು, ಹೆಬ್ಬೆರಳು ಇಣುಕುತ್ತಿದೆ, ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು, ಕೆಟ್ಟವಳಾಗಿದ್ದರೆ ಎಷ್ಟು ಸಲೀಸಾಗಿತ್ತು, ಬೈಯಬಹುದಿತ್ತು.

ವಾವೊ ಎದುರಿನ ಕುರ್ಚಿಯಲ್ಲಿ ಬಿಷಪ್ಪನ ತಾಯಿಯ ಹಾಗೆ ಕೂತಿದ್ದಾಳೆ, ನನ್ನ ಅಜ್ಜಿ, ದಿಯೊಲಿಂದಾ ಅರೂದಾ, ತಾತ ಸತ್ತಾಗಿನಿಂದ ಬಿಡದ ಕರಿ ಉಡುಪು, ಕಿವಿಯಲ್ಲಿ ಮುತ್ತು, ಕೂದಲು ಬಾಚಿ ಗಂಟು, ಕರಿ ಶೂ ಫಳಫಳ, ಕಲೋನ್ ಸೆಂಟಿನ ವಾಸನೆ, ಇವಳನ್ನು ನೋಡಿದವರು ಈಗಷ್ಟೇ ಚರ್ಚಿನಿಂದ ನಡೆದು ಬಂದಳು ಅನ್ನಬೇಕು, ಆದರೆ ಆ ಗಂಟು ಜುಲ್ಮೀರಾಳ ಕೈ, ಆ ಮುತ್ತು ಜುಲ್ಮೀರಾಳ ಕೈ, ಆ ಕಾಲುಚೀಲಗಳನ್ನು ಅವಳು ನೆಲದ ಮೇಲೆ ಮಂಡಿಯೂರಿ ಇಂಚಿಂಚೇ ಏರಿಸಿದ್ದು, ಊದಿದ ಕಾಲು, ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತದೆ, ಎಲ್ಲ ಮುಗಿಸಿ ಜುಲ್ಮೀರಾ ಬೆನ್ನು ನೇರ ಮಾಡುವಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದು, ವಾವೊ ಕೈ ಬೀಸಿ ನೀನು ಕೆಳಗೆ ಹೋಗು ಅಂದಳು, ನಾನು ಅಂದೆ, ವಾವೊ, ಜುಲ್ಮೀರಾನೂ ಇರ್ಬೇಕು ಅಂತ ಅವರೇ ಫೋನ್ ಮಾಡಿ ಹೇಳಿದಾರೆ, ಅದಕ್ಕೆ ವಾವೊ, ಕೆಲ್ಸದೋಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಬಂದೋರ ಎದುರಿಗೆ ನನ್ ಒಳಲಂಗದ ವಿಷ್ಯ ಮಾತಾಡ್ಬೇಕಾ, ಇವತ್ತು ಅವಳಿಗೆ ರಜೆ ಅನ್ನು, ಅಷ್ಟೇ, ಮುಗಿಯಿತು, ಕಾಗದದ ಪ್ರಕಾರ ಜುಲ್ಮೀರಾಳನ್ನು ಕೆಲಸಕ್ಕಿಟ್ಟವಳೂ ವಾವೊ, ತೆಗೆಯಬಹುದಾದವಳೂ ವಾವೊ, ಜುಲ್ಮೀರಾ ನನ್ನನ್ನು ನೋಡಿ ಕಣ್ಣು ಹೊರಳಿಸಿ, ನಾನು ನಿನ್ನೆ ತಂದು ಬಾಗಿಲ ಬಳಿ ಇಟ್ಟಿದ್ದ ಹಿಟ್ಟಿನ ಚೀಲ ಎತ್ತಿಕೊಂಡು ಕೆಳಗಿಳಿದಳು, ಚೀಲದ ತಳ ಹರಿಯಿತು, ಮೆಟ್ಟಿಲ ಮೇಲೆಲ್ಲ ಬಿಳಿ ಹಿಟ್ಟು, ಆಮೇಲೆ ಒರೆಸ್ತೀನಿ ಬಿಡೇ ನೇಲಿಯಾ ಅಂದಳು, ಬಾಗಿಲ ಗಂಟೆ ಬಡಿಯಿತು, ನಾನು ನೆಲಮಾಳಿಗೆಯ ಬಾಗಿಲು ಮುಚ್ಚಿದೆ, ಮುಚ್ಚಿ ನಗುಮುಖ ಹಾಕಿಕೊಂಡೆ, ನನ್ನ ಕಾಲೇಜಿನಲ್ಲಿ ನಾಟಕದ ತರಗತಿ ಇದೆ, ಅದಕ್ಕೆ ನಾನು ಸೇರಬೇಕಿಲ್ಲ, ಮನೆಯಲ್ಲೇ ಪದವಿ ಸಿಗುತ್ತದೆ.

ಸ್ನಾನ ನೀವೇ ಮಾಡ್ತೀರಾ ಮಿಸೆಸ್ ಅರೂದಾ, ಟ್ರೇಸಿ ಕೇಳುತ್ತಾಳೆ, ನಾನು ಪೋರ್ಚುಗೀಸಿಗೆ ತಿರುಗಿಸಬೇಕು, ತಿರುಗಿಸಲು ಬಾಯಿ ತೆರೆದಿಲ್ಲ, ಅಷ್ಟರಲ್ಲಿ ವಾವೊ, ಮತ್ತೆ ಇನ್ಯಾರು ಮಾಡಿಸ್ತಾರೆ, ಪಾದ್ರಿ ಬಂದು ಮಾಡಿಸ್ತಾರಾ, ಯಾಕಂದರೆ ಪರದೆ ಕಾರ್ಖಾನೆಯಲ್ಲಿ ಆಯುಷ್ಯ ಪೂರ್ತಿ ಹೊಲಿದವಳಿಗೆ ಇಂಗ್ಲಿಷ್ ಬರುವುದಿಲ್ಲ ಅನ್ನುವುದು ಅವಳಿಗೆ ಬೇಕಾದಾಗ ಮಾತ್ರ ನಿಜ, ಅದಕ್ಕೇ ನಾನು ಒಂದು ಮಾತು ಅತ್ತಿತ್ತ ಮಾಡುವ ಹಾಗಿಲ್ಲ, ತಾನೇ ಮಾಡ್ಕೋತೀನಿ ಅಂತಾರೆ ಅಂದೆ, ಟಕ್ ಟಕ್ ಟಕ್, ಟ್ರೇಸಿ ತೊಡೆಯ ಮೇಲಿನ ಕಂಪ್ಯೂಟರಿನಲ್ಲಿ ಬರೆದಳು, ಪಾತ್ರೆ ತೊಳೆಯುವುದು, ಮಾಡ್ತೀನಿ, ಟಕ್ ಟಕ್, ಬಚ್ಚಲಿಗೆ ಹೋಗುವುದು, ಏನ್ ಪ್ರಶ್ನೆ ಅಂತ ಕೇಳ್ತಾಳಪ್ಪ ಇವಳು, ಇನ್ನೊಂದು ತುಂಡು ಬ್ರೆಡ್ ತಗೊಳ್ಳಿ ತಾಯಿ, ನೀವು ಏನೂ ತಿಂದೇ ಇಲ್ಲ, ತುಂಬಾ ಮೆತ್ತಗಿದೆ ನೀವೇ ಮಾಡಿದ್ದಾ ಅಂತ ಟ್ರೇಸಿ, ಹೌದು ನಾನೇ, ಟಕ್ — ಬರೆಯಬೇಡ ಟ್ರೇಸಿ, ಅದನ್ನು ಬರೆಯಬೇಡ, ಸಿಹಿ ಬ್ರೆಡ್ಡಿನ ಹಿಟ್ಟು ನಾದಿದ್ದು ಜುಲ್ಮೀರಾ, ವಾವೊ ಕುರ್ಚಿಯಲ್ಲಿ ಕೂತು ಇನ್ನೂ ಬೆಣ್ಣೆ, ಇನ್ನೂ ಗುದ್ದು, ಗಂಡನ್ನ ನೆನಸ್ಕೊಂಡು ಗುದ್ದು ಅನ್ನುತ್ತಿದ್ದಳು, ಅದು ಅಡುಗೆಯಾ, ಹೋದ ವರ್ಷವೂ ಇದೇ ಬ್ರೆಡ್ಡು ಇದೇ ಕಾಫಿ ಇದೇ ಮುತ್ತು, ಬೇರೆ ನರ್ಸ್, ಅವನಿಗೆ ಹೊಟ್ಟೆ ತುಂಬ ತಿನ್ನಿಸಿ ಕೈಚೀಲದಲ್ಲಿ ಅರ್ಧ ಬ್ರೆಡ್ ಹಾಕಿ ಕಳಿಸಿದಳು, ಅವನು ಸಂತೋಷವಾಗಿ ಹೋಗಿ ಜುಲ್ಮೀರಾಳ ಸಂಜೆಯ ಹೊತ್ತನ್ನು ಪೂರ್ತಿ ತೆಗೆದುಹಾಕಿದ, ಮಿಸೆಸ್ ಅರೂದಾ ಚುರುಕಾಗಿದ್ದಾರೆ ಅಂತ, ಸಂಜೆ ನಾವು ನೋಡಿಕೊಳ್ಳಬಹುದು ಅಂತ, ನಾವು ಅಂದರೆ ಯಾರು, ಅಮ್ಮ ಮಧ್ಯಾಹ್ನ ಹೋದರೆ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ, ಬರುವುದು ಊರೆಲ್ಲ ಮಲಗಿದ ಮೇಲೆ, ನಾನು ಸಂಜೆ ಕಾಲೇಜು, ಒಂದು ದಿನ ಬಸ್ಸು ತಪ್ಪಿತು, ಬಂದರೆ ವಾವೊ ಬಚ್ಚಲಿನ ಕಮೋಡಿನ ಮೇಲೆ ಕೂತಿದ್ದಾಳೆ, ಎದ್ದೇಳಲಾಗದೆ, ದೀಪ ಹಾಕಲು ಕೈಗೆಟುಕದೆ, ಕತ್ತಲಲ್ಲಿ ಕೈಯಲ್ಲಿ ಜಪಮಾಲೆ, ಬಂದ್ಯಾ, ಪರೀಕ್ಷೆ ಹೆಂಗಿತ್ತು ಅಂದಳು, ಕತ್ತಲಲ್ಲಿ, ಪರೀಕ್ಷೆ ಹೆಂಗಿತ್ತು, ಅವತ್ತು ನಾನು ಅವಳನ್ನು ಎತ್ತಿ ನಿಲ್ಲಿಸಿ ಒರೆಸಿ ಮಲಗಿಸಿ, ಆಮೇಲೆ ಕೆಳಗೆ ಹೋಗಿ ಫ್ರಿಜ್ಜಿಗೆ ಒದ್ದೆ, ಇನ್ನೂ ಸೊಟ್ಟಗಿದೆ ಆ ಬಾಗಿಲು, ಇನ್ನೊಂದು ಸಲ ಕಡಿಮೆ ಮಾಡಿದ್ರೆ ನನ್ ಕೈಲಿ ಆಗಲ್ಲ ನೇಲಿಯಾ, ಅಮ್ಮ ಮೊನ್ನೆ ಸಿಂಕಿಗೆ ಮುಖ ಮಾಡಿಕೊಂಡೇ ಹೇಳಿದಳು, ಹೊಳೆ ಪಕ್ಕದ ವೃದ್ಧರ ಆಸ್ಪತ್ರೆಗೆ ಹೋಗಿ ಮಾತಾಡಿಕೊಂಡು ಬಂದಿದ್ದಾಳಂತೆ, ಒಂದು ಹಾಸಿಗೆ ಇದೆಯಂತೆ, ಅದಕ್ಕೆ ಮೆಡಿಕೇಡ್ ಕೊಡುತ್ತದಂತೆ, ಪೂರ್ತಿ, ಹಾಸಿಗೆ, ಊಟ, ಡೈಪರು, ಹಗಲು ರಾತ್ರಿ ಎರಡೂ, ಅಲ್ಲಿಗೆ ಯಾವ ಟ್ರೇಸಿಯೂ ವರ್ಷವರ್ಷ ಬಂದು ಕಾಲುಚೀಲ ನೀವೇ ಹಾಕ್ಕೋತೀರಾ ಅಂತ ಕೇಳುವುದಿಲ್ಲ, ಮನೆಯಲ್ಲಿ ಇರುತ್ತೇನೆ ಅಂದರೆ ಮಾತ್ರ ಒಂದೊಂದು ಕಾಲುಚೀಲಕ್ಕೂ ಸಾಕ್ಷಿ ಬೇಕು, ಯಾವ ತಲೆಕೆಟ್ಟವನು ಬರೆದ ಲೆಕ್ಕ ಇದು, ಮನೆಯಲ್ಲಿ ಉಳಿಯಬೇಕಾದರೆ ನೀನು ಏನೂ ಕೈಲಾಗದವಳು ಅಂತ ಪ್ರತಿವರ್ಷ ಪರರ ಮುಂದೆ ಒಪ್ಪಿಕೊಳ್ಳಬೇಕು, ಒಪ್ಪಿಕೊಳ್ಳದಷ್ಟು ಮಾನ ಉಳಿದಿದ್ದರೆ ನಿನ್ನನ್ನು ಮಾನ ಇಲ್ಲದ ಕಡೆ ಕಳಿಸುತ್ತಾರೆ — ಧಪ್ ಧಪ್ ಧಪ್, ಏನದು ಸದ್ದು, ಟ್ರೇಸಿ ತಲೆಯೆತ್ತಿದಳು, ನೆಲದಡಿಯಿಂದ ಧಪ್ ಧಪ್, ಜುಲ್ಮೀರಾ ಹಿಟ್ಟು ಬಡಿಯುತ್ತಿದ್ದಾಳೆ, ಸುಮ್ಮನೆ ಕೂರಲಾರಳು ಅವಳು, ಬಟ್ಟೆ ಒಗೆಯೋ ಮಿಷನ್ನು, ವಾವೊ ಇಂಗ್ಲಿಷಿನಲ್ಲೇ ಅಂದಳು, ಕಣ್ಣು ಕೂಡ ಮಿಟುಕಿಸಲಿಲ್ಲ.

ಮೆಟ್ಟಿಲು ಹತ್ತಿ ಇಳೀತೀರಾ, ಟ್ರೇಸಿ ಕೇಳಿದಳು, ದಿನಾ, ವಾವೊ ಅಂದಳು, ದಿನಾ ಇಳೀತೀನಿ ಹತ್ತುತೀನಿ, ಇದು ಮಾತ್ರ ನಿಜ, ಇವತ್ತು ಅವಳು ಹೇಳಿದ್ದರಲ್ಲಿ ಇದೊಂದೇ ಪೂರ್ತಿ ನಿಜ, ಹೋದ ಚಳಿಗಾಲ ತರಗತಿ ಬೇಗ ಮುಗಿದು ಬಂದೆ, ನೆಲಮಾಳಿಗೆಯ ಬಾಗಿಲು ತೆರೆದಿತ್ತು, ವಾವೊ ಮೆಟ್ಟಿಲ ನಡುವೆ ಕೂತಿದ್ದಳು, ಬಿದ್ದಳು ಅಂತ ನಾನು ಚೀಲ ಬಿಸಾಡಿ ಓಡಿದೆ, ಯಾಕೆ ಕೂತಿದೀಯಾ ವಾವೊ, ಅವಳು ಸಿಡುಕಿ, ನಾನ್ ಕೂತಿಲ್ಲ, ಇಳೀತಿದೀನಿ ಅಂದಳು, ಹಾಗೇ ಎರಡೂ ಕೈ ಊರಿ, ಕುಂಡೆ ಎತ್ತಿ, ಕೆಳಗಿನ ಮೆಟ್ಟಿಲಿಗೆ ಧಪ್, ಮತ್ತೆ ಕೈ ಊರಿ, ಧಪ್, ಹಸುಗೂಸಿನ ಹಾಗೆ, ತನ್ನ ಒಲೆಯ ಹತ್ತಿರ ಹೋಗುವುದಕ್ಕೆ, ಮೇಲೆ ಹೊಚ್ಚ ಹೊಸ ಒಲೆ ಇದೆಯಲ್ಲ ಅಂದರೆ ಅದು ಬಂದೋರದ್ದು ಅನ್ನುತ್ತಾಳೆ, ಅವತ್ತಿನಿಂದ ಸಂಜೆ ನಾನು ಅವಳ ಉಡುಪಿನ ಹಿಂಬದಿ ಉಜ್ಜುತ್ತೇನೆ, ಬ್ರಷ್ ಹಿಡಿದು, ಸವೆದು ಮಿಂಚುವ ಕರಿ ಬಟ್ಟೆ, ಅದರ ಮೇಲೆ ಮೆಟ್ಟಿಲ ಧೂಳಿನ ಗೀಟು, ಯಾರಿಗೂ ಹೇಳ್ಬೇಡ, ನಿಮ್ಮಮ್ಮಂಗೂ ಬೇಡ, ಮಾನ ಹೋಗುತ್ತೆ ಅಂದಿದ್ದಳು, ಈಗ ಟ್ರೇಸಿಯ ಬೆರಳು ಕೀಲಿಯ ಮೇಲೆ, ದಿನಾ ಅಂತಾರೆ ಅಂದೆ ನಾನು, ಅಷ್ಟೇ ಅಂದೆ, ವಾವೊ ನನ್ನನ್ನೇ ನೋಡುತ್ತಿದ್ದಳು, ಟ್ರೇಸಿಯ ಹುಬ್ಬು ಮೇಲೇರಿತು, ಊದಿದ ಕಾಲು ನೋಡಿದಳು, ಒಮ್ಮೆ ತೋರಿಸ್ತೀರಾ ಮಿಸೆಸ್ ಅರೂದಾ.

ಯಾರೂ ಹೀಗೆ ಕೇಳಿರಲಿಲ್ಲ, ಬಂದವರು ಕೆಳಗೆ ಇಳಿಯುತ್ತೇನೆ ಅನ್ನುವುದೇ ಈ ಮನೆಯಲ್ಲಿ ಇಲ್ಲ, ಆದರೆ ಬಂದವರಿಗೆ ಇಲ್ಲ ಅನ್ನುವುದೂ ಇಲ್ಲ, ವಾವೊ ಎದ್ದಳು, ಕುರ್ಚಿಯ ಕೈ, ಮೇಜಿನ ಅಂಚು, ಗೋಡೆಯ ಸಂತನ ಪಟ, ಬಾಗಿಲ ಚೌಕಟ್ಟು, ಒಂದೊಂದನ್ನೇ ಮಾತಾಡಿಸುವ ನೆಪದಲ್ಲಿ ಹಿಡಿದುಕೊಂಡು ನಡೆದಳು, ಇದು ನನ್ ಮದುವೆ ಫೋಟೋ, ಇದು ನನ್ ಮಗಳು ಒಡೆಟ್, ಇವಳ ಅಮ್ಮ, ನೆಲಮಾಳಿಗೆಯ ಬಾಗಿಲು ತೆರೆದಳು, ಬೆಣ್ಣೆ ನಿಂಬೆಯ ಬಿಸಿ ವಾಸನೆ ಮೇಲೆ ಬಂತು, ಧಪ್ ಧಪ್ ಜೋರಾಯಿತು, ಅವಳು ಕೈಹಿಡಿಕೆ ಹಿಡಿದು, ಪಕ್ಕಕ್ಕೆ ಸರಿದು, ಟ್ರೇಸಿಗೆ ತಲೆಬಾಗಿ, ನೀವು ಮೊದ್ಲು ತಾಯಿ, ನೀವು ಬಂದೋರು ಅಂದಳು, ನಾನು ತಿರುಗಿಸಿದೆ, ಟ್ರೇಸಿ ಥ್ಯಾಂಕ್ಯೂ ಅಂತ ಮುಂದೆ ಇಳಿದಳು, ಇಳಿದಳು, ಮುದುಕಿಗೆ ಬೆನ್ನು ಹಾಕಿ ಇಳಿದಳು, ಕೆಳಗೆ ಜುಲ್ಮೀರಾ ಹಿಟ್ಟಿನ ಕೈಯಲ್ಲಿ ಬೆಚ್ಚಿಬಿದ್ದದ್ದು ಕಾಣಿಸಿತು, ನೀವು ಜುಲ್ಮೀರಾ ಅಲ್ವಾ, ಇವತ್ತು ನಿಮಗೆ ರಜೆ ಅಂದ್ರಲ್ಲ ಅಂತ ಟ್ರೇಸಿ, ಬ್ರೆಡ್ ಕಲಿಯೋದಕ್ಕೆ ಬಂದೆ ಅಂತ ಜುಲ್ಮೀರಾ, ಮೇಲೆ ಒಮ್ಮೆ ನೋಡಿ, ವಾವೊ ಕೂತದ್ದನ್ನು ನೋಡಿ, ಬನ್ನಿ ಬನ್ನಿ ಓವನ್ ನೋಡಿ ಅಂತ ಟ್ರೇಸಿಯ ತೋಳು ಹಿಡಿದು ಒಳಗೆ ಎಳೆದಳು, ಒಂದು ಕೈಯಲ್ಲಿ ಹಿಟ್ಟು ಧಪ್ ಧಪ್ ಬಡಿಯುತ್ತಲೇ ಇದ್ದಳು, ಆ ಸದ್ದಿನೊಳಗೆ ವಾವೊ ಇಳಿದಳು, ಕೈ ಊರಿ, ಧಪ್, ಕೈ ಊರಿ, ಧಪ್, ಇಷ್ಟು ವೇಗವಾಗಿ ಅವಳು ಇಳಿದದ್ದು ನಾನು ನೋಡಿಲ್ಲ, ಒರೆಸದ ಹಿಟ್ಟಿನ ಮೇಲೆ, ಇಬ್ಬರು ಹೆಂಗಸರು ತಮ್ಮ ಅನ್ನಕ್ಕೆ ತಾವೇ ಕಲ್ಲು ಹಾಕಿಕೊಳ್ಳುವುದನ್ನು ಮೇಲಿನ ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದೇನೆ, ಜುಲ್ಮೀರಾ, ನಿನ್ನ ಕೆಲಸ ಅದು, ನಿನ್ನ ಬಾಡಿಗೆ ಅದು, ವಾವೊ, ನಿನ್ನ ಮನೆ ಇದು, ನಿನ್ನ ಒಲೆ ಅದು, ಅಲ್ಲಿ ಹೊಳೆ ಪಕ್ಕದ ಹಾಸಿಗೆ ಚಾದರ ಹೊದ್ದು ಕಾಯುತ್ತಿದೆ, ಟ್ರೇಸಿ ತಿರುಗಿದಾಗ ವಾವೊ ಕೊನೆಯ ಮೆಟ್ಟಿಲ ಕೆಳಗೆ ನೆಟ್ಟಗೆ ನಿಂತಿದ್ದಳು, ಹಿಡಿಕೆ ಹಿಡಿದು, ಏದುಸಿರನ್ನು ಮೂಗಿನಲ್ಲೇ ನುಂಗಿ, ಗದ್ದ ಮೇಲೆ, ಅದ್ಭುತ ಮಿಸೆಸ್ ಅರೂದಾ ಅಂದಳು ಟ್ರೇಸಿ, ಕಂಪ್ಯೂಟರ್ ತೆರೆದಳು, ಅವಳಿಗೆ ಕಾಣುವುದು ಮುತ್ತು, ನನಗೆ ಕಾಣುವುದು ಹಿಂಬದಿ, ಕರಿ ಬಟ್ಟೆಯ ಮೇಲೆ ಅಗಲವಾಗಿ ಬಿಳಿ ಹಿಟ್ಟು, ಒಂದು ಕಾಲು ಪಕ್ಕಕ್ಕೆ ಸರಿದರೆ ಸಾಕು ಕಾಣುತ್ತದೆ, ವಾವೊ ಸರಿಯುವುದಿಲ್ಲ, ಟಕ್, ಅವಳ ಹಿಂದಿನ ಕೈಯ ಬೆರಳು ನನಗೆ ಮಾತ್ರ ಕಾಣುವ ಹಾಗೆ ಅಲ್ಲಾಡಿತು, ಬೇಡ, ಟಕ್ ಟಕ್, ಟ್ರೇಸಿ, ಅವಳ ಹಿಂದೆ ನೋಡಿ — ನನ್ನ ದನಿಯೇ, ಇಂಗ್ಲಿಷಿನಲ್ಲಿ, ನನ್ನ ದನಿಯೇ ಅದು, ಧಪ್ ಧಪ್ ನಿಂತಿತು, ಟಕ್ ನಿಂತಿತು, ವಾವೊ ಗೋಡೆಗೆ ಒರಗಬಹುದಿತ್ತು, ಗೋಡೆ ಅಲ್ಲೇ ಇತ್ತು, ಒರಗಲಿಲ್ಲ, ನನ್ನನ್ನೂ ನೋಡಲಿಲ್ಲ, ಕಾರ್ಖಾನೆಯಲ್ಲಿ ಕೆಟ್ಟ ಹೊಲಿಗೆಯ ಪರದೆಯನ್ನು ಮೇಸ್ತ್ರಿಯ ಮುಂದೆ ಬೆಳಕಿಗೆ ತಿರುಗಿಸಿ ಹಿಡಿಯುತ್ತಿದ್ದಳಂತೆ, ಹಾಗೆ, ಹಿಡಿಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, ಶೂಗಳನ್ನು ಸಣ್ಣ ಸಣ್ಣಗೆ ಸರಿಸಿ, ತನ್ನನ್ನೇ ತಿರುಗಿಸಿಕೊಂಡಳು, ಪೂರ್ತಿ, ಒಬ್ಬ ಪರಿಚಯವಿಲ್ಲದ ಹೆಂಗಸಿಗೆ ನನ್ನ ಅಜ್ಜಿ ತನ್ನ ಕುಂಡೆ ತೋರಿಸುತ್ತಾ ನಿಂತಿದ್ದಾಳೆ, ಈಗ ಅವಳ ಮುಖ ನನ್ನ ಕಡೆ, ಆದರೆ ಮುಖ ನೋಡಲು ನನ್ನಿಂದಾಗುತ್ತಿಲ್ಲ, ಬರ್ಕೋ ಅಂದಳು ವಾವೊ, ಅವಳದೇ ಇಂಗ್ಲಿಷಿನಲ್ಲಿ, ಬರ್ಕೋ, ಟ್ರೇಸಿ ಬರೆಯುತ್ತಿಲ್ಲ, ಕಣ್ಣು ಮುಚ್ಚಿದರೂ ಕಾಣುತ್ತಿದೆ, ಕರಿ ಬಟ್ಟೆ, ಬಿಳಿ ಹಿಟ್ಟು, ಸಂಜೆ ಬ್ರಷ್ ತಗೊಂಡು ಉಜ್ಜಬೇಕು, ಕರಿ ಬಟ್ಟೆ, ಹೋಗುವುದಿಲ್ಲ ಅದು, ಬಿಳಿ ಹಿಟ್ಟು, ಕರಿ ಬಟ್ಟೆಯ ಮೇಲೆ ಬಿಳಿ ಹಿಟ್ಟು, ಬಿಳಿ