ಕುಸುಬಿ ಸಾವಕಾರ ವಿಚಾರಿಸಲು ಬಂದದ್ದು

ನಮ್ಮ ತಾಂಬಾದಲ್ಲಿ ಕುಸುಬಿ ಕೊಳ್ಳಲು ಬಂದವನು ಕಾಳನ್ನು ಹಲ್ಲಲ್ಲಿ ಕಚ್ಚಿ ನೋಡಲೇಬೇಕು. ಕಚ್ಚದೆ ಕೆಳಗಿಟ್ಟನೆಂದರೆ ಅವನು ವ್ಯಾಪಾರಿಯಲ್ಲ ಎಂದು ಊರಿನ ಕೂಸುಗಳಿಗೂ ಗೊತ್ತಾಗುತ್ತಿತ್ತು. ಅರವತ್ಮೂರರ ಸುಗ್ಗಿಯಲ್ಲಿ ಹಾಗೆ ಒಬ್ಬ ಬಂದ. ಧೋತರ, ಬಿಳಿ ಟೊಪ್ಪಿಗೆ, ಬಗಲಲ್ಲೊಂದು ಚೀಲ. ವಿಜಾಪುರದ ಪೇಟೆಯವನು ಎಂದು ಹೇಳಿಕೊಂಡ. ಒಂದು ಮುಷ್ಟಿ ಕುಸುಬಿ ಎತ್ತಿಕೊಂಡ, ಮುತ್ತು ನೋಡಿದ ಹಾಗೆ ನೋಡಿದ, ತಿರುಗಿ ರಾಶಿಗೇ ಸುರಿದ. ಧಾರಣಿ ಕೇಳಲಿಲ್ಲ. ಪೀರಬಿಯ ಮಗ ಜೈನುದ್ದೀನ ಎಂಥ ಹುಡುಗ ಎಂದು ಕೇಳಿದ.

ಊರು ತಕ್ಷಣ ಜಾಣವಾಯಿತು. ಆ ಕಾಲಕ್ಕೆ ಹೆಣ್ಣು ಕೊಡುವವರು ನೇರವಾಗಿ ಬಂದು ಗಂಡಿನ ವಿಚಾರ ಕೇಳುತ್ತಿರಲಿಲ್ಲ. ಎತ್ತು ನೋಡುವ ನೆಪದಲ್ಲೋ ಬೀಜ ಕೊಳ್ಳುವ ನೆಪದಲ್ಲೋ ಯಾರಾದರೂ ಒಬ್ಬ ಬರುತ್ತಿದ್ದ. ಹಾಟೇಲಿನಲ್ಲಿ ಕೂತು ಅದು ಇದು ಮಾತಾಡುತ್ತ ಹುಡುಗನ ಹೆಸರು ತೆಗೆಯುತ್ತಿದ್ದ. ಅವನೆದುರು ಹುಡುಗನ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ಇಲ್ಲದ್ದನ್ನೂ ಸೇರಿಸಿ ಹೇಳಬೇಕು. ಅದು ನಮ್ಮ ಊರಿನ ಮರ್ಯಾದೆ. ಜೈನುದ್ದೀನ ಮಿಲಿಟರಿ ಸೇರಿ ಎರಡು ವರ್ಷವಾಗಿತ್ತು, ಚೀನಾದ ಯುದ್ಧ ಆಗಷ್ಟೇ ಮುಗಿದಿತ್ತು. ಯುದ್ಧಕ್ಕೆ ಹೋದವನಿಗೆ ಯಾರು ಹೆಣ್ಣು ಕೊಟ್ಟಾರು ಎಂದು ಕೊರಗುತ್ತಿದ್ದವರಿಗೆಲ್ಲ ಈ ಕುಸುಬಿ ಸಾವಕಾರ ದೇವರು ಕಳಿಸಿದವನಂತೆ ಕಂಡ.

ಹಾಟೇಲಿನ ಶಂಕ್ರೆಪ್ಪ ಬಿಟ್ಟಿ ಚಹಾ ಕೊಟ್ಟು ಶುರುಮಾಡಿದ. "ಹೊಟ್ಟ್ಯಾಗ ಒಂದ್ ಮಾತ್ ನಿಲ್ಲಂಗಿಲ್ರಿ ಆ ಹುಡುಗಗ. ಕಟಗೊಂಡ ಹೇಣ್ತಿಗಿ ಎಲ್ಲಾ ಹೇಳೇ ಹೇಳ್ತಾನ. ಅಂಥಾ ಸಾಫ್ ಮನಸಾ."

ರಾವಸಾಬ ಗೌಡರು ಅದಕ್ಕೂ ಮೇಲೆ ಹೋದರು. ತಾಯಿಗೆ ಹೇಳದೆ ಹುಡುಗ ಹೊಸ್ತಿಲು ದಾಟುವುದಿಲ್ಲ, ಕೋಳಿ ಕೊಯ್ದರೆ ಅಳುತ್ತಾನೆ, ಕತ್ತಲಾದರೆ ಹೊರಗೆ ಕಾಲಿಡುವುದಿಲ್ಲ ಎಂದರಂತೆ. ಅವನು ಕೋಳಿಯ ತೊಡೆಗಾಗಿ ತಮ್ಮನೊಡನೆ ಹೊಡೆದಾಡಿದ್ದನ್ನು ನಾನೇ ಕಂಡಿದ್ದೆ. ಸಾವಕಾರ ಮಾತ್ರ ಹೊಗಳಿಕೆ ಹೆಚ್ಚಿದಷ್ಟೂ ಮುಖ ಸಣ್ಣದು ಮಾಡುತ್ತ ಹೋದನೆಂದು ಶಂಕ್ರೆಪ್ಪ ಆಮೇಲೆ ಬೆರಗಾಗಿ ಹೇಳಿದ.

ಈ ಸುದ್ದಿ ನನಗಿಂತ ಮುಂಚೆ ಸಗೀರಾಳ ಕಿವಿಗೆ ಬಿದ್ದಿತ್ತು. ಸಗೀರಾ ನನ್ನ ಗೆಳತಿ, ಗಾಣದ ಇಬ್ರಾಹಿಂಸಾಬರ ಮಗಳು. ಪೀರಬಿ ಅವಳಿಗೆ ಸೋದರತ್ತೆ. ಸಗೀರಾ ತೊಟ್ಟಿಲಲ್ಲಿದ್ದಾಗ ಅವಳ ಅಜ್ಜಿ ಇವಳು ಜೈನುದ್ದೀನನಿಗೇ ಎಂದಿದ್ದಳಂತೆ. ಅಜ್ಜಿ ತೀರಿಹೋದ ಮೇಲೆ ಆ ಮಾತನ್ನು ಎಲ್ಲರೂ ಮರೆತರು. ಸಗೀರಾ ಮರೆತಿರಲಿಲ್ಲ. ಹೆಣ್ಣುಮಗಳು ಬಾಯಿಬಿಟ್ಟು ಕೇಳುವ ಕಾಲವೂ ಅದಲ್ಲ. ನನ್ನೊಬ್ಬಳಿಗೆ ಹೇಳಿಕೊಂಡು ಅಳುತ್ತಿದ್ದಳು.

ನಾನು ಎಣ್ಣೆಗೆಂದು ಹೋದಾಗ ಸಾವಕಾರ ಗಾಣದ ಕಟ್ಟೆಯ ಮೇಲೆ ಕೂತಿದ್ದ. ಇಬ್ರಾಹಿಂಸಾಬರು ಹಿಂಡಿ ಮಾರಲು ಇಂಡಿಗೆ ಹೋಗಿದ್ದರು. ಸಗೀರಾ ಎತ್ತು ಹೊಡೆಯುತ್ತಿದ್ದಳು. ಅವನು ಜೈನುದ್ದೀನನ ಹೆಸರು ತೆಗೆದದ್ದೇ ತಡ, ಅವಳು ಎತ್ತು ನಿಲ್ಲಿಸಿದಳು. ಸಗೀರಾಳಿಗೊಂದು ಚಾಳಿಯಿತ್ತು. ಸುಳ್ಳು ಹೇಳುವಾಗ ಅವಳ ಬೆರಳು ತಾನಾಗಿ ಬಳೆಗೆ ಹೋಗುತ್ತಿತ್ತು, ಹೇಳಿ ಮುಗಿಯುವವರೆಗೆ ಬಳೆ ತಿರುವುತ್ತಿದ್ದಳು. ಸಾಲಿಯಲ್ಲಿ ಮಾಸ್ತರರು ಅವಳ ಬಳೆ ನೋಡಿಯೇ ಬೆತ್ತ ಎತ್ತುತ್ತಿದ್ದರು. ಈಗ ಏನು ಸುಳ್ಳು ಹೇಳುತ್ತಾಳೋ ಎಂದು ನಾನು ಅವಳ ಕೈಯನ್ನೇ ನೋಡುತ್ತ ನಿಂತೆ.

"ಅವನ ಬಾಯಾಗಿಂದ ಮಾತ್ ತಗಿಯೂದಂದ್ರ ಭಾಂವಿ ತೋಡಿದಂಗ್ರಿ," ಎಂದಳು. "ಹಾಟೇಲಿನ್ಯಾಗ ದಿನಾ ಕುಂತು ಮಂದಿ ಮಾತೆಲ್ಲಾ ಕೇಳಾಂವ, ತಾ ಒಂದ್ ಮಾತ್ ಕೊಡಾಂವಲ್ಲ. ಮರಾಠಿ ಮಂದ್ಯಾಗ ಕುಂತ್ರ ಮರಾಠಿಯಾಂವ, ಗಚ್ಚಿನ ಕೆಲಸಕ್ಕ ಬಂದ ತೆಲಗರಾಗ ಕುಂತ್ರ ತೆಲಗಾಂವ. ಖರೆ ಯಾರಂತ ನಮಗೂ ತಿಳ್ಯಂಗಿಲ್ಲ. ಮಿಲ್ಟ್ರಿಗಿ ಹೋಗೂ ದಿನ ನಮ್ಮತ್ತಿಗಿ ಇಲ್ಲೇ ಇಂಡಿಗಿ ಹೋಗಿ ಬರ್ತೇನಿ ಅಂದ. ವರ್ಷ ತುಂಬಿದ ಮ್ಯಾಲ ಬಂದ. ಇಂಥಾವಗ ಹೆಣ್ ಕೊಡೂದಿದ್ರ ವಿಚಾರ ಮಾಡಿ ಕೊಡ್ರಿ."

ಬಳೆ ಅಲುಗಲಿಲ್ಲ. ಅವಳು ಹೇಳಿದ್ದು ಅಕ್ಷರಕ್ಷರ ನಿಜವಾಗಿತ್ತು, ಸಿಟ್ಟಿನಲ್ಲಿ ಹೇಳಿದಳು ಅಷ್ಟೇ. ಸಾವಕಾರ ಅವಳನ್ನು ತುಸು ಹೊತ್ತು ನೋಡಿದ. ಊರಿಗೆ ಬಂದಾಗಿನಿಂದ ಮೊದಲ ಸಲ ಅವನ ಮುಖ ಅರಳಿತ್ತು. ಒಂದು ಬಾಟಲಿ ಎಣ್ಣೆ ಕೊಂಡು, ನಮಸ್ಕಾರ ಮಾಡಿ ಬಸ್ಸು ಹತ್ತಿದ. ಹೆಣ್ಣು ತಪ್ಪಿತು ಎಂದು ಸಗೀರಾ ಆ ದಿನ ನನಗೆ ಅಂಗೈ ತುಂಬ ಬೆಲ್ಲ ಕೊಟ್ಟಳು.

ಎರಡು ತಿಂಗಳಲ್ಲಿ ಜೈನುದ್ದೀನನ ಬದಲಿಯಾಯಿತು. ಎಲ್ಲಿಗೆಂದು ಪೀರಬಿಗೂ ತಿಳಿಯಲಿಲ್ಲ. ರಜೆಗೆ ಬರುವುದು ನಿಂತಿತು. ಅರವತ್ತೈದರಲ್ಲಿ ಪಾಕಿಸ್ತಾನದ ಯುದ್ಧ ಬಂದಾಗ ರಾವಸಾಬ ಗೌಡರ ಕಟ್ಟೆಯ ರೇಡಿಯೋದ ಮುಂದೆ ಊರೆಲ್ಲ ಕೂರುತ್ತಿತ್ತು. ಸಗೀರಾ ಎಣ್ಣೆಗೈಯಲ್ಲೇ ಗೋಡೆಯ ಮರೆಗೆ ನಿಂತು ಕೇಳುತ್ತಿದ್ದಳು. ಅವನು ಬದುಕಿದ್ದಾನೋ ಇಲ್ಲವೋ ಎನ್ನುವುದು ಒಂದು ಚಿಂತೆ. ವಿಜಾಪುರದವರು ಅವನನ್ನು ಅಳಿಯನನ್ನಾಗಿ ಮಾಡಿಕೊಂಡೇ ಬಿಟ್ಟರೋ ಎನ್ನುವುದು ಇನ್ನೊಂದು. ಎರಡನೆಯದೇ ಹೆಚ್ಚು ಸುಡುತ್ತದೆ ಎಂದು ಒಮ್ಮೆ ಹೇಳಿ, ಆಮೇಲೆ ತಾನೇ ಕೆನ್ನೆ ಕೆನ್ನೆ ಬಡಿದುಕೊಂಡಳು. ಮೋರಟಗಿಯಿಂದ, ಹೊರ್ತಿಯಿಂದ ಅವಳಿಗೆ ಗಂಡು ಬಂದವು. ಒಂದಕ್ಕೂ ಒಪ್ಪಲಿಲ್ಲ. ಇಬ್ರಾಹಿಂಸಾಬರು ಮಗಳೊಡನೆ ಮಾತು ಬಿಟ್ಟರು. ಅವಳು ಸೊರಗಿದ್ದನ್ನು ನೋಡಿ ನನಗೆ ಜೈನುದ್ದೀನನ ಮೇಲೆ ಎಂಥ ಸಿಟ್ಟು ಬರುತ್ತಿತ್ತೆಂದರೆ, ಎದುರಿಗೆ ಸಿಕ್ಕಿದ್ದರೆ ಗಾಣಕ್ಕೆ ಕಟ್ಟುತ್ತಿದ್ದೆ.

ಮರುವರ್ಷ ಅವನು ಬಂದ. ಬಡಕಲಾಗಿದ್ದ, ಎಡಗೈಯ ಎರಡು ಬೆರಳು ಮಡಿಸಲು ಬರುತ್ತಿರಲಿಲ್ಲ. ಏನಾಯಿತೆಂದು ಕೇಳಿದವರಿಗೆ ಏನಿಲ್ಲ ಎಂದ. ತಾಯಿಯ ಮುಂದೆ ಮಾತ್ರ ಒಂದು ಮಾತು ಆಡಿದ. ಆ ಸಂಜೆಯೇ ಪೀರಬಿ ಸಕ್ಕರೆ ಹಿಡಿದುಕೊಂಡು ಹೆಣ್ಣು ಕೇಳಲು ಅಣ್ಣನ ಮನೆಗೆ ಬಂದಳು. ಸಗೀರಾ ಗಾಣದ ಹಿಂದೆ ನಿಂತು ಅತ್ತದ್ದನ್ನು ನೆನೆದರೆ ಈಗಲೂ ನನ್ನ ಕಣ್ಣು ಒದ್ದೆಯಾಗುತ್ತದೆ.

ನಿಕಾಹದ ದಿನ ಪಂಕ್ತಿ ಕೂತಿದ್ದಾಗ ಅಂಗಳಕ್ಕೆ ಅದೇ ಬಿಳಿ ಟೊಪ್ಪಿಗೆ, ಅದೇ ಧೋತರ ಬಂದವು. ಶಂಕ್ರೆಪ್ಪ ಕೈಯಲ್ಲಿದ್ದ ಬಕೀಟು ಅಲ್ಲೇ ಇಟ್ಟು ಹಿತ್ತಲಿಗೆ ನಡೆದ. ವಿಜಾಪುರದ ಹೆಣ್ಣಿನ ಕಡೆಯವರು ತಕರಾರು ತೆಗೆಯಲು ಬಂದಿದ್ದಾರೆ, ಯಾರೂ ಬಾಯಿ ಬಿಡಬೇಡಿ ಎಂದು ಗೌಡರು ಕಿವಿಯಿಂದ ಕಿವಿಗೆ ದಾಟಿಸಿದರು. ಅಷ್ಟರಲ್ಲಿ ಮುಖದ ತುಂಬ ಹೂವಿನ ಸೆಹರಾ ಕಟ್ಟಿಕೊಂಡಿದ್ದ ಮದುಮಗ ಎದ್ದ. ಹಿಮ್ಮಡಿ ಕೂಡಿಸಿ, ಕೈ ತೊಡೆಗೆ ಹಚ್ಚಿ, ನೆಟ್ಟಗೆ ನಿಂತ. ಕುಸುಬಿ ವ್ಯಾಪಾರಿಗೆ ಹಾಗೆ ನಿಂತವರನ್ನು ನಾವು ಯಾರೂ ಕಂಡಿರಲಿಲ್ಲ.

ಉಂಡಾದ ಮೇಲೆ ಆ ಸಾವಕಾರರು ಮದುಮಗಳನ್ನು ಹರಸುತ್ತೇನೆಂದು ಒಳಗೆ ಬಂದರು. ಸಗೀರಾಳ ಪಕ್ಕದಲ್ಲಿ ನಾನೊಬ್ಬಳೇ ಇದ್ದೆ. ಅವರದು ಧಾರವಾಡದ ಕಡೆಯ ಮಾತು.

"ನಾ ಹೆಣ್ಣಿನ ಕಡಿಯಾಂವ ಅಲ್ಲ ತಂಗಿ, ಮಿಲ್ಟ್ರಿಯಾಂವ. ಬೇಹುಗಾರಿಕಿ ಕೆಲಸಕ್ಕ ನಿನ್ನ ಗಂಡನ ಹೆಸರು ಬಂದಿತ್ತು. ಹೆಂಥಾ ಮನಷ್ಯಾ ಅಂತ ನೋಡ್ಲಿಕ್ಕೆ ಬಂದಿದ್ದೆ. ಇವನ ಹೊಟ್ಟ್ಯಾಗ ಮಾತ್ ನಿಲ್ಲೂದಿಲ್ಲ ಅಂತ ಊರಿಗೂರೇ ಹೇಳಿತು, ಹೆಸರು ಹೊಡದು ಹಾಕಬೇಕು ಅಂತಿದ್ದೆ. ನಿನ್ನ ಮಾತ್ ಕೇಳಿ ತಗೊಂಡೆ. ಅವ ತಂದ ಸುದ್ದಿಯಿಂದ ಎಷ್ಟೋ ತಾಯಂದಿರ ಮಕ್ಕಳು ಉಳದಾರ. ಅದನ್ನ ಹೇಳಿ ಹೋಗೂಣಂತ ಬಂದೆ."

ಸಗೀರಾ ತಲೆ ಎತ್ತಲಿಲ್ಲ.

"ಹಂಗಾದ್ರ ಮೂರ್ ವರ್ಷ ನನ್ನ ಬಾಯೀನೇ ಅವರ್ನ ದೂರ ಇಟ್ಟಿತೇನ್ರಿ?" ಎಂದಳು.

ಅಷ್ಟು ದೊಡ್ಡ ಸಾಹೇಬರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು, ಆಮೇಲೆ ಹೊರಟುಹೋದರು.

ರಜೆ ತೀರಿ ಜೈನುದ್ದೀನ ಇಂಡಿಯ ಬಸ್ಸು ಹತ್ತಿದ ಬೆಳಿಗ್ಗೆ ನಾನೂ ಸಗೀರಾಳ ಜೊತೆ ನಿಂತಿದ್ದೆ. ಬಸ್ಸು ಎಬ್ಬಿಸಿದ ಧೂಳು ಜಾಲಿಗಿಡದ ಮೇಲೆ ಇಳಿಯುವವರೆಗೂ ಅವಳು ಕದಲಲಿಲ್ಲ. ಯಾವ ಊರಿಗೆ ಎಂದು ಗೊತ್ತಿದ್ದರೆ ಅವಳಿಗೂ ಒಂದಿಷ್ಟು ಧೈರ್ಯವಾದೀತು ಎನ್ನಿಸಿ, ಈ ಸಲ ಎಲ್ಲಿಗೆ ಹೋದರು, ನಿನಗಾದರೂ ಹೇಳಿದರೋ ಎಂದು ಕೇಳಿದೆ.

"ಇಲ್ಲ ಬಿಡವಾ ಸಾವಂತ್ರಿ. ಅವರ ಬಾಯಾಗಿಂದ ಮಾತ್ ಬರತೈತೇನು?" ಎಂದಳು.

ಹೇಳುವಾಗ ಅವಳ ಬಲಗೈ ಬೆರಳು ಎಡಗೈಯ ಹಸಿರು ಬಳೆಗಳನ್ನು ಒಂದೇ ಸಮ ತಿರುವುತ್ತಿತ್ತು. ನಾನು ಬಳೆ ನೋಡಿದೆ, ನಾನು ನೋಡಿದ್ದನ್ನು ಅವಳು ನೋಡಿದಳು. ಕಣ್ಣಲ್ಲಿ ನೀರಿದ್ದರೂ ಅವಳಿಗೆ ನಗು ತಡೆಯಲಾಗಲಿಲ್ಲ. ಮದುವೆ ಕುದುರಿಸಲು ಶಂಕ್ರೆಪ್ಪ ಹೇಳಿದ ಸುಳ್ಳು, ಕಟ್ಟಿಕೊಂಡ ಹೆಂಡತಿಯ ಮಟ್ಟಿಗೆ ನಿಜವೇ ಆಗಿತ್ತು.

ಈಗ ಗಾಣವೂ ಇಲ್ಲ, ಶಂಕ್ರೆಪ್ಪನ ಹಾಟೇಲೂ ಇಲ್ಲ. ಆ ದಿನ ನಾನು ಮತ್ತೆ ಕೇಳಲಿಲ್ಲ. ದಾರಿಯಲ್ಲಿ ಸಿಕ್ಕ ಗೌಡರು ಹುಡುಗ ಎಲ್ಲಿಗೆ ಹೋದ ಎಂದು ವಿಚಾರಿಸಿದಾಗ, ನಾನೇ ಮುಂದಾಗಿ ಅವನು ಯಾರಿಗೂ ಏನೂ ಹೇಳುವ ಪೈಕಿ ಅಲ್ಲ ಎಂದು ಹೇಳಿ, ಸಗೀರಾಳ ಕೈಹಿಡಿದು ಮನೆಗೆ ಕರೆತಂದೆ.