ಬಲ್ಬು ಕೆಂಪಗಾದ ಮೇಲೆ ಊಟ

ಹಳೇಬೀಡಿನ ದೇವಸ್ಥಾನದ ಶಿಲ್ಪಗಳ ಚಿತ್ರ ಬರೆಯಲೆಂದು ಬಂದು ನಮ್ಮ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಜಪಾನಿನ ಹೆಂಗಸು, ಹೊರಡುವಾಗ ತನ್ನ ಸಿ.ಡಿ. ಸೆಟ್ಟನ್ನು ನನ್ನ ಮಗಳು ಸಿರಿಗೆ ಕೊಟ್ಟು ಹೋದಳು. ಸಿರಿಗೆ ಮಾತಿಲ್ಲ. ಆ ಸೆಟ್ಟಿನಲ್ಲಿ ಅವರ ಕಡೆಯ ತಂತಿವಾದ್ಯ ಕೇಳುತ್ತಿದ್ದರೆ ಮಾತ್ರ ರಾತ್ರಿಯ ಊಟಕ್ಕೆ ಬಾಯಿ ತೆರೆಯುತ್ತಾಳೆ. ಅದನ್ನೇ ಮೊಬೈಲಿಗೆ ಹಾಕಿಸಿ ತಂದೆ. ಮೊಬೈಲನ್ನು ಬಚ್ಚಲಿಗೆ ಎಸೆದಳು.

ಸೆಟ್ಟು ಅವರ ದೇಶದ ನೂರು ವೋಲ್ಟಿನದು. ನಮ್ಮ ಕರೆಂಟನ್ನು ಅಷ್ಟಕ್ಕೆ ಇಳಿಸುವ ಡಬ್ಬವನ್ನೂ ಕೊಟ್ಟಿದ್ದಳು. ಅದು ಸಿಡಿಲಿಗೆ ಸುಟ್ಟುಹೋಯಿತು. ಪಕ್ಕದ ಮನೆಯ ಲಕ್ಕಪ್ಪಣ್ಣ ಸಂಜೆ ಮೀಟರು ಹಿಡಿದು, ಕರೆಂಟು ನೂರರ ಹತ್ತಿರಕ್ಕೆ ಇಳಿದಿದ್ದು ನೋಡಿ ನಕ್ಕ.

"ಎಲ್ರೂ ಮೋಟ್ರು ಹಾಕ್ದಾಗ ನಮ್ಮೂರೂ ಜಪಾನೇ ಕಣವ್ವ. ಬಲ್ಬು ಕೆಂಪಗಾದಾಗ ಹಾಕ್ಕೋ, ಏನೂ ಆಗಲ್ಲ."

"ಬೆಳ್ಳಗಿದ್ರೆ?"

"ಬೆಳ್ಳಗಿದ್ರೆ ಹಾಡಲ್ಲ, ಹೊಗೆ ಬತ್ತೈತೆ."

ಸಿರಿಗೆ ಇದನ್ನು ಕಲಿಸುವುದು ಸುಲಭವಿರಲಿಲ್ಲ. ಬಲ್ಬು ಬೆಳ್ಳಗಿರುವಾಗ ಪ್ಲಗ್ಗಿಗೆ ಹೋದ ಕೈಗೆ ಎಷ್ಟು ಸಲ ಹೊಡೆದೆನೋ. ಕಲಿತ ಮೇಲೆ ಹೇಳಬೇಕಾಗಲಿಲ್ಲ. ಬಲ್ಬನ್ನೇ ನೋಡುತ್ತ ಕೂರುವಳು, ಕೆಂಪಗಾದೊಡನೆ ತಾನೇ ಹಾಕುವಳು.

ಕಳೆದ ವಾರ ಊರಿಗೆ ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸಿದರು. ಎಷ್ಟು ಮೋಟರು ಓಡಿದರೂ ಬಲ್ಬು ಹಾಲಿನ ಹಾಗೆ ಉರಿಯಿತು. ಬೀದಿಯಲ್ಲಿ ಸಿಳ್ಳೆ ಹೊಡೆದರು. ಸಿರಿ ಬಲ್ಬು ನೋಡುತ್ತ ಕೂತಳು. ಮುದ್ದೆ ಆರಿತು. ಮರುದಿನವೂ ಹಾಗೇ ಕೂತಳು. ಎರಡು ರಾತ್ರಿಯೂ ಹಾಲು ಬಿಟ್ಟು ಏನೂ ಒಳಗೆ ಹೋಗಲಿಲ್ಲ.

ನಾನು ಅರಸೀಕೆರೆಯ ಕೊಬ್ಬರಿ ಮಂಡಿಗೆ ಕೆಲಸಕ್ಕೆ ಹೋಗುವವಳು. ಕೆಲಸ ಮುಗಿಸಿ, ಬಸ್ಸು ಹತ್ತುವ ಮೊದಲು, ಕರೆಂಟು ಇಳಿಸುವ ಹೊಸ ಡಬ್ಬ ಕೊಂಡು ತಂದೆ. ಸೆಟ್ಟು ಹಾಡಿತು. ಸಿರಿ ಬಲ್ಬು ನೋಡಿದಳು, ಪ್ಲಗ್ಗು ಕಿತ್ತಳು, ತನ್ನ ಕೈಗೆ ತಾನೇ ಹೊಡೆದುಕೊಂಡಳು. ಮತ್ತೆ ಹಾಕಿದೆ. ಮತ್ತೆ ಕಿತ್ತಳು, ಮತ್ತೆ ಹೊಡೆದುಕೊಂಡಳು. ನನಗೆ ಅಳು ಬರಲಿಲ್ಲ. ಎದ್ದು ಲಕ್ಕಪ್ಪಣ್ಣನ ಮನೆಗೆ ಹೋದೆ.

"ಆ ಬಲ್ಬಿಗೊಂದು ಫ್ಯಾನಿನ ರೆಗ್ಯುಲೇಟ್ರು ಹಾಕ್ಕೊಡಣ್ಣ."

"ಅಲ್ಲ ಕಣವ್ವ, ಬೆಳಕು ಬಂತು ಅಂತ ಊರೆಲ್ಲ ಕುಣೀತೈತೆ, ನೀನು ಕತ್ಲೆ ಕೇಳ್ಕಂಡ್ ಬಂದಿದ್ದೀಯಲ್ಲ!"

"ಮಗು ಉಣ್ಬೇಕಲ್ಲಣ್ಣ."

ಅವನು ಆಮೇಲೆ ತಮಾಷೆ ಮಾಡಲಿಲ್ಲ. ತನ್ನ ಮನೆಯ ರೆಗ್ಯುಲೇಟರನ್ನೇ ಬಿಚ್ಚಿ ತಂದು ಹಾಕಿಕೊಟ್ಟ.

ಗುಂಡಿ ತಿರುಗಿಸಿದೆ. ಬಲ್ಬು ಇಳಿಯಿತು, ಕೆಂಡದ ಬಣ್ಣಕ್ಕೆ ಬಂದು ನಿಂತಿತು. ಸಿರಿ ಬಹಳ ಹೊತ್ತು ನೋಡಿದಳು. ಪ್ಲಗ್ಗಿನ ಹತ್ತಿರ ಹೋಗಿ ನನ್ನ ಕೈ ನೋಡಿದಳು. ಕೈಯನ್ನು ತಟ್ಟೆಯಲ್ಲೇ ಇಟ್ಟುಕೊಂಡು ಕೂತೆ. ಸೆಟ್ಟಿನ ಪ್ಲಗ್ಗನ್ನು ಹೊಸ ಡಬ್ಬಕ್ಕೆ ಹಾಕಿದಳು. ತಂತಿ ಮಿಡಿಯಿತು. ಬಂದು ಕೂತು ಬಾಯಿ ತೆರೆದಳು.

ಸಂತೋಷವಾಗಬೇಕಿತ್ತು. ಏನೂ ಆಗಲಿಲ್ಲ. ಆ ಮಬ್ಬಿನಲ್ಲಿ ತಟ್ಟೆಯೂ ಸರಿಯಾಗಿ ಕಾಣುತ್ತಿರಲಿಲ್ಲ. ಅವಳ ತುಟಿಯನ್ನು ಬೆರಳಲ್ಲಿ ತಡವಿಕೊಂಡು ಇನ್ನೊಂದು ತುತ್ತು ಇಟ್ಟೆ.