ಗಿರಿಗಿಟ್ಲೆ ಹೊಗೆಯಿಂದ ಹೊರಬಂದಳು

ಆ ಮನೆಯಲ್ಲಿ ಕುಕ್ಕರ್ ಕೂಗುವಂತಿರಲಿಲ್ಲ. ಕೂಗಿದರೆ ಮಗಳು ಮಂಚದ ಸಂದಿಗೆ ನುಗ್ಗಿ, ಕಿವಿ ಮುಚ್ಚಿಕೊಂಡು ನಡುಗುತ್ತಿದ್ದಳು. ಪಕ್ಕದ ಮನೆಯವರು ಕಸಕ್ಕೆ ಬೆಂಕಿ ಹಚ್ಚಿದರಂತೂ ಆ ದಿನ ಊಟವಿಲ್ಲ, ಮಾತಿಲ್ಲ.

ಅವಳಿಗೆ ಹದಿನೆಂಟು ವರ್ಷ. ಒಂದು ಕಡೆ ನಿಲ್ಲದ ಹುಡುಗಿ ಎಂದು ಬೀದಿಯವರೆಲ್ಲ ಗಿರಿಗಿಟ್ಲೆ ಎಂದೇ ಕರೆಯುತ್ತಿದ್ದರು. ಸೋಫಾ ತಯಾರಿಸುವ ಕಾರ್ಖಾನೆಯಲ್ಲಿ ಕವರ್ ಹೊಲಿಯುವ ಕೆಲಸ. ಒಂದು ಮಧ್ಯಾಹ್ನ ಅಲ್ಲಿ ಫೋಮ್ ರಾಶಿಗೆ ಬೆಂಕಿ ಬಿತ್ತು. ಹಿಂಬಾಗಿಲಿಗೆ ಬೀಗ ಹಾಕಿತ್ತು. ಅವಳೂ ಪಕ್ಕದ ಮಿಷನ್ನಿನ ಗೆಳತಿಯೂ ಕೈ ಹಿಡಿದುಕೊಂಡು ಹೊಗೆಯಲ್ಲಿ ತಡಕಾಡಿದರು. ಕಿಟಕಿ ಒಡೆದವರ ಕೈಗೆ ಗಿರಿಗಿಟ್ಲೆ ಸಿಕ್ಕಳು. ಗೆಳತಿ ಸಿಗಲಿಲ್ಲ, ಉಳಿಯಲೂ ಇಲ್ಲ.

ಮೈಮೇಲಿನ ಸುಟ್ಟ ಗಾಯ ಒಣಗಿತು. ಆದರೆ ಹುಡುಗಿ ಕಣ್ಣು ಮುಚ್ಚಿದರೆ ಸಾಕು, ಅದೇ ಹೊಗೆ. ಕೇಳಿದವರಿಗೆಲ್ಲ ಒಂದೇ ಮಾತು: “ನಾನು ಅವಳ ಕೈ ಬಿಟ್ಟೆ.”

ಆಸ್ಪತ್ರೆಯಲ್ಲಿ ಸುಟ್ಟ ಗಾಯಕ್ಕೆ ಪಟ್ಟಿ ಕಟ್ಟಿದ್ದ ಡಾಕ್ಟರೇ ಅಮ್ಮನನ್ನು ಕರೆದು ಹೇಳಿದರು: “ಇದು ಮನಸ್ಸಿಗೆ ಆದ ಗಾಯ. ಇದಕ್ಕೂ ಚಿಕಿತ್ಸೆ ಇದೆ. ಕಣ್ಣಿನ ಚಲನೆಯಿಂದ ಮಾಡೋದು. ಅದನ್ನ ಕಲಿತ ಮನಶ್ಶಾಸ್ತ್ರಜ್ಞೆ ನಮ್ಮಲ್ಲೇ ಇದ್ದಾರೆ.”

ಅಮ್ಮ ಬ್ಯೂಟಿ ಪಾರ್ಲರ್ ನಡೆಸುವವಳು. ಮನೆಗೆ ಬಂದು ವಿಷಯ ಹೇಳಿದ್ದೇ ತಡ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ದೊಡ್ಡಪ್ಪ ಸಿಡಿದರು.

“ಕಣ್ಣು ಆ ಕಡೆ ಈ ಕಡೆ ಆಡಿಸಿದ್ರೆ ಭಯ ಹೋಗುತ್ತಾ? ನಾನು ಜೀವಮಾನವೆಲ್ಲ ಬಸ್ಸಲ್ಲಿ ನಿಂತು ಆ ಕಡೆ ಈ ಕಡೆ ನೋಡ್ದೆ. ನನ್ನ ತಲೆನೋವೂ ಹೋಗ್ಲಿಲ್ಲ! ಎಲ್ಲ ಕಣ್ಕಟ್ಟು ಕಣಮ್ಮ. ಮೇಲಾಗಿ ಜನ ಹುಡುಗೀನ ಹುಚ್ಚಿ ಅಂತಾರೆ. ಸುಮ್ನಿರು, ತಾನೇ ಮರೀತಾಳೆ.”

“ವರ್ಷ ಆಗ್ತಾ ಬಂತು ಭಾವ, ಮರೆತಳಾ?” ಎಂದಳು ಅಮ್ಮ. “ಜನರ ಬಾಯಿಗೆ ಹೆದರಿ ನನ್ನ ಮಗಳನ್ನ ಮಂಚದ ಸಂದೀಲಿ ಬಿಡ್ಲಾ?”

ದೊಡ್ಡಪ್ಪ ಇನ್ನೇನೋ ಹೇಳುವಷ್ಟರಲ್ಲಿ ಗಿರಿಗಿಟ್ಲೆ ಬಾಗಿಲಿಗೆ ಬಂದು ನಿಂತಳು.

“ದೊಡ್ಡಪ್ಪ, ಮಂಡಿ ನೋವು ಬಂದಾಗ ಡಾಕ್ಟರ್ ಹೇಳಿದ್ರು ಅಂತ ನೀವು ದಿನಾ ಜಗಲಿ ಮೇಲೆ ಮಲಗಿ ಕಾಲು ಎತ್ತಿ ಇಳಿಸ್ತಿದ್ರಿ. ಇಡೀ ಬೀದಿ ನೋಡ್ತಿತ್ತು. ನಿಮಗೆ ನಾಚಿಕೆ ಆಯ್ತಾ? ನನ್ನ ಹುಚ್ಚಿ ಅನ್ನೋರು ಅನ್ಲಿ. ನಾನು ಹೋಗೋಳೇ.”

“ಹಾಗಾದ್ರೆ ನಾನೂ ಬರ್ತೀನಿ,” ಎಂದರು ದೊಡ್ಡಪ್ಪ, ಚಪ್ಪಲಿ ಹುಡುಕುತ್ತಾ. “ಮೋಸ ಅನ್ನಿಸಿದ್ರೆ ಅಲ್ಲೇ ಕೇಳ್ತೀನಿ.”

ಆಸ್ಪತ್ರೆಯಲ್ಲಿ ಕೇಳಿಯೇ ಬಿಟ್ಟರು, ಇದು ಮೋಸ ಅಲ್ವಾ ಅಂತ. ಮನಶ್ಶಾಸ್ತ್ರಜ್ಞೆ ಬೇಸರಪಡಲಿಲ್ಲ.

“ಕೇಳ್ಬೇಕು ಸರ್. ದೊಡ್ಡ ಆಘಾತ ಆದಾಗ ಕೆಲವರಿಗೆ ಆ ನೆನಪು ಹಳೇದಾಗೋದೇ ಇಲ್ಲ. ಈಗಲೇ ನಡೀತಿದೆ ಅಂತ ಮೈ ಅಂದ್ಕೊಳ್ಳುತ್ತೆ. ಆ ಘಟನೆ ನೆನೆಸ್ಕೊಳ್ತಾ ನನ್ನ ಬೆರಳು ಹೋದ ಕಡೆ ಕಣ್ಣು ಓಡಿಸ್ಬೇಕು. ಹೀಗೆ ಮಾಡ್ತಾ ಮಾಡ್ತಾ ನೆನಪಿನ ಉರಿ ಇಳಿಯುತ್ತೆ. ಯಾಕೆ ಅನ್ನೋದು ಪೂರ್ತಿ ಗೊತ್ತಾಗಿಲ್ಲ. ಆದ್ರೆ ತುಂಬ ಜನಕ್ಕೆ, ಮಕ್ಕಳಿಗೂ, ಗುಣ ಕೊಟ್ಟಿದೆ.”

“ನನ್ನ ಗೆಳತೀನ ಮರೆಸೋದಾದ್ರೆ ನಂಗೆ ಬೇಡ,” ಎಂದಳು ಗಿರಿಗಿಟ್ಲೆ ತಟ್ಟನೆ.

“ಯಾವುದನ್ನೂ ಮರೆಸಲ್ಲ ಮರಿ. ನಿದ್ದೆ ಬರಿಸಲ್ಲ, ವಶೀಕರಣ ಅಲ್ಲ. ನೀನು ಎಚ್ಚರವಾಗೇ ಇರ್ತೀಯ. ಸಾಕು ಅನ್ನಿಸಿದ್ರೆ ಕೈ ಎತ್ತು, ಅಲ್ಲಿಗೇ ನಿಲ್ಲಿಸ್ತೀನಿ.”

ಮೊದಮೊದಲು ಬರೀ ಮಾತು, ಮನಸ್ಸು ಗಾಬರಿಯಾದಾಗ ಉಸಿರು ಹಿಡಿತಕ್ಕೆ ತರುವ ಅಭ್ಯಾಸ. ಬೆರಳಿನ ಕೆಲಸ ಶುರುವಾದ ದಿನ ಅವಳು ಬೇಗನೇ ಕೈ ಎತ್ತಿಬಿಟ್ಟಳು. ಮನೆಗೆ ಬಂದ ಮೇಲೆ ಕೆಟ್ಟ ಕನಸುಗಳು ಹೆಚ್ಚಾದವು.

“ನೋಡ್ದ್ಯಾ, ನಾನು ಹೇಳ್ಲಿಲ್ವಾ!” ಎಂದರು ದೊಡ್ಡಪ್ಪ.

“ಹೀಗಾಗಬಹುದು, ಹಾಗಾದ್ರೆ ಫೋನ್ ಮಾಡು ಅಂತ ಮೇಡಂ ಮೊದಲೇ ಹೇಳಿದ್ರು,” ಎಂದ ಗಿರಿಗಿಟ್ಲೆ ಫೋನ್ ಮಾಡಿಯೇ ಬಿಟ್ಟಳು. ಅವರು ಧೈರ್ಯ ಹೇಳಿದರು, ಮುಂದಿನ ಸಲ ಇನ್ನೂ ನಿಧಾನವಾಗಿ ಹೋಗೋಣ ಎಂದರು. “ಇಷ್ಟಕ್ಕೆ ಬಿಟ್ರೆ ಬೆಂಕೀನೇ ಗೆದ್ದ ಹಾಗಾಯ್ತು,” ಎಂದಳು ಅವಳು ಮನೆಯವರಿಗೆ. ವಾರ ವಾರ ಹೋದಳು.

ಒಂದು ದಿನ ಬೆರಳು ನಿಂತಿತು. “ಏನು ಬಂತು?” ಎಂದು ಮೇಡಂ ಕೇಳಿದರು.

ಅವಳು ಜೋರಾಗಿ ಅತ್ತಳು. ಅಳುತ್ತಲೇ ನೆಟ್ಟಗೆ ಕೂತಳು. “ನಾನು ಬಿಡ್ಲಿಲ್ಲ ಮೇಡಂ. ನನ್ನ ಹೊರಗೆ ಎಳ್ಕೊಂಡ್ರು, ಕೈ ಜಾರ್ತು. ಅವಳೂ ಇದಾಳೆ ಅಂತ ಕಿರುಚ್ತಾನೇ ಇದ್ದೆ. ಬಾಗಿಲಿಗೆ ಬೀಗ ಹಾಕಿದ್ದು ನಾನಲ್ಲ.”

ಅಲ್ಲಿಂದ ನಿದ್ದೆ ಹತ್ತಿತು. ಹೊಗೆ ಕಂಡರೆ ಈಗಲೂ ಮುಖ ಸಪ್ಪಗಾಗುತ್ತದೆ, ಆದರೆ ಓಡುವುದಿಲ್ಲ. ಗೆಳತಿಯ ನಗು, ಅವಳ ತರಲೆ ಎಲ್ಲ ಮತ್ತೆ ನೆನಪಿಗೆ ಬರತೊಡಗಿದವು.

ಬೆಂಕಿಯ ವಿಚಾರಣೆ ನಡೆದಾಗ ಸಾಕ್ಷಿ ಹೇಳಲು ಅವಳೇ ಮುಂದೆ ಬಂದಳು. ಕಾರ್ಖಾನೆ ಮಾಲೀಕನ ಕಡೆಯವನು ನಕ್ಕ: “ಪಾಪ, ತಲೆ ಸರಿಯಿಲ್ದೆ ಚಿಕಿತ್ಸೆ ತಗೊಂಡ ಹುಡುಗಿ. ಇವಳ ಮಾತು ನಂಬ್ತೀರಾ?”

ದೊಡ್ಡಪ್ಪ ಎದ್ದು ನಿಂತೇಬಿಟ್ಟರು. “ನೀವು ಕೂತ್ಕೊಳ್ಳಿ, ನಾನು ಹೇಳ್ತೀನಿ,” ಎಂದಳು ಅವಳು.

“ಹೌದು, ಚಿಕಿತ್ಸೆ ತಗೊಂಡೆ. ಅದಕ್ಕೇ ಇವತ್ತು ನಡುಗದೆ ಹೇಳ್ತಿದೀನಿ. ಬಾಗಿಲಿಗೆ ಬೀಗ ಹಾಕಿತ್ತು. ಹೊರಗಿಂದ.”

ಅವಳು ಹೇಳಿದ್ದಷ್ಟೂ ದಾಖಲಾಯಿತು.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಅಪಘಾತ, ಹಿಂಸೆ, ಸಾವು ಕಂಡು ಮಂಕಾದ ಮಗುವೋ ಯುವಕ ಯುವತಿಯೋ ಇರಬಹುದು. “ನಾಟಕ ಮಾಡ್ತಾರೆ” ಎನ್ನಬೇಡಿ. “ಮರೆತುಬಿಡು” ಎಂದು ಗದರಬೇಡಿ. ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಕಣ್ಣಿನ ಚಲನೆಯ ಚಿಕಿತ್ಸೆ ಹೊಂದುತ್ತದೆಯೋ, ಬೇರೆಯದು ಬೇಕೋ ಅವರು ನೋಡಿ ಹೇಳುತ್ತಾರೆ. ತರಬೇತಿ ಪಡೆದವರ ಬಳಿಯೇ ಮಾಡಿಸಿ. ಫೋನಿನಲ್ಲಿ ವಿಡಿಯೋ ನೋಡಿ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಮತ್ತೆ, ಮುಖ ಮುಚ್ಚಿಕೊಂಡು ಕದ್ದು ಹೋಗಬೇಡಿ. ಹಾಡಹಗಲೇ, ಬೀದಿಯ ನಡುವೆ, ತಲೆ ಎತ್ತಿ ಹೋಗಿ. ತಪ್ಪು ಮಾಡಿದವರು ನೀವಲ್ಲ.